ಕ್ಯೂಬಾ ಪ್ಯಾಕೇಜ್: ಮಾಂಸ, ಮದ್ಯ ಬೇಡದವರಿಗೆ ದುಡ್ಡು ದಂಡವೇ?

ಪ್ರಶ್ನೆ: ನಾವಿರುವುದು ಕೆನಡಾದಲ್ಲಿ. ಚಳಿಗಾಲದಲ್ಲಿ ಒಂದು ವಾರ ಕ್ಯೂಬಾದ ವರದೆರೊ ಬೀಚಿಗೆ ಹೋಗುವ ಯೋಚನೆ ಇದೆ. ಊಟ, ಡ್ರಿಂಕ್ಸ್ ಎಲ್ಲ ಸೇರಿದ ಪ್ಯಾಕೇಜ್. ಆದರೆ ನಾವು ಮಾಂಸ ತಿನ್ನಲ್ಲ, ಮದ್ಯ ಮುಟ್ಟಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ಉತ್ತರ: ಅರ್ಧ ದಂಡ ಅನ್ನಿ. ಇಂಥ ಪ್ಯಾಕೇಜಿನ ಲಾಭ ಇರುವುದೇ ಹಂದಿಮಾಂಸ, ಕೋಳಿ, ಮೀನು ಮತ್ತು ರಮ್‌ನಲ್ಲಿ. ಬುಫೆಯಲ್ಲಿ ನಿಮ್ಮ ಪಾಲಿಗೆ ಜಾಸ್ತಿ ಸಿಗುವುದು ಅನ್ನ, ಬ್ರೆಡ್, ಹಣ್ಣು, ಎಲೆಕೋಸು. ಎರಡು ದಿನಕ್ಕೇ ಬೇಜಾರು ಬರುತ್ತದೆ.

ಹಾಗಂತ ಕ್ಯೂಬಾದ ಅಡುಗೆಯಲ್ಲಿ ನಮಗೇನೂ ಇಲ್ಲ ಅಂತಲ್ಲ. ಕಪ್ಪು ಬೀನ್ಸ್, ಅನ್ನ, ಬಾಳೆಕಾಯಿ, ಗೆಣಸು, ಮರಗೆಣಸು ಅವರಿಗೆ ದಿನದ ಊಟ. ಬೆಂದ ಮರಗೆಣಸಿನ ಮೇಲೆ ಬೆಳ್ಳುಳ್ಳಿ, ಹುಳಿ ಕಿತ್ತಳೆ ರಸ ಬೆರೆತ ಎಣ್ಣೆ ಸುರಿಯುತ್ತಾರೆ. ಅದು ಮೋಹೊ. ತೊಸ್ತೋನೆಸ್ ನನಗೆ ಅದಕ್ಕಿಂತ ಇಷ್ಟ. ಬಾಳೆಕಾಯಿಯನ್ನು ದಪ್ಪ ಬಿಲ್ಲೆ ಹೆಚ್ಚಿ ಒಮ್ಮೆ ಕರಿಯುತ್ತಾರೆ. ಬಿಸಿ ಇರುವಾಗಲೇ ಒತ್ತಿ ಚಪ್ಪಟೆ ಮಾಡಿ ಮತ್ತೆ ಎಣ್ಣೆಗೆ ಬಿಡುತ್ತಾರೆ. ಅಂಚು ಗರಿಗರಿ, ನಡು ಮೆತ್ತಗೆ. ಉಪ್ಪು ಉದುರಿಸಿದ ಕೂಡಲೇ ತಿನ್ನಬೇಕು. ಬುಫೆ ತಟ್ಟೆಯಲ್ಲಿ ಆರಿದರೆ ಹಲ್ಲಿಗೆ ಕೆಲಸ.

ಒಂದು ಎಚ್ಚರ. ಬೀನ್ಸಿಗೆ ಹಂದಿ ಕೊಬ್ಬು ಹಾಕುವುದು ಅಲ್ಲಿ ಮಾಮೂಲು. ಸ್ಪ್ಯಾನಿಷ್‌ನಲ್ಲಿ ಬರೀ "ಸಿನ್ ಕಾರ್ನೆ" (ಮಾಂಸ ಬೇಡ) ಅಂದರೆ ಸಾಲದು. "ಸಿನ್ ಹಾಮೊನ್, ಸಿನ್ ಮಾಂತೆಕಾ" ಅಂತಲೂ ಸೇರಿಸಿ. ಹ್ಯಾಮ್ ಬೇಡ, ಕೊಬ್ಬೂ ಬೇಡ.

ಹಾಗಾಗಿ ನಿಮ್ಮಂಥವರಿಗೆ ಕಾಸಾ ಪರ್ತಿಕುಲಾರ್ ವಾಸಿ. ಮನೆಯವರೇ ಪರವಾನಗಿ ಪಡೆದು ಬಾಡಿಗೆಗೆ ಕೊಡುವ ಕೋಣೆ ಅದು. ಮೊದಲೇ ಹೇಳಿಟ್ಟರೆ ಎಷ್ಟೋ ಮನೆಗಳಲ್ಲಿ ಬೇಕಾದ್ದು ಮಾಡಿಕೊಡುತ್ತಾರೆ. ಆದರೆ ಕರೆಂಟಿನ ಕಾಟ ಇದೆ. 2024ರ ಅಕ್ಟೋಬರ್‌ನಲ್ಲಿ ಇಡೀ ದೇಶದ ವಿದ್ಯುತ್ ಜಾಲವೇ ಕುಸಿದಿತ್ತು. ದೊಡ್ಡ ಹೋಟೆಲಿನಲ್ಲಿ ಜನರೇಟರ್ ಇರುತ್ತದೆ, ಮನೆಗಳಲ್ಲಿ ಹೇಳಲಾಗದು. ಪುಟ್ಟ ಮಕ್ಕಳಿದ್ದರೆ ಹೋಟೆಲೇ ಇರಲಿ, ಜೊತೆಗೆ ಚಟ್ನಿಪುಡಿ ಒಯ್ಯಿರಿ.

ಕುಡಿಯುವುದಕ್ಕೆ ತೊಂದರೆ ಇಲ್ಲ. ಮೊಹೀತೊ ಕೇಳುವಾಗ "ಸಿನ್ ರೋನ್" ಅನ್ನಿ. ರಮ್ ಬಿಟ್ಟು ಪುದೀನ, ನಿಂಬೆ, ಸಕ್ಕರೆ, ಸೋಡಾ ಬರುತ್ತದೆ. ಗ್ವಾರಾಪೊ ಅಂದರೆ ನಮ್ಮ ಕಬ್ಬಿನ ಹಾಲೇ. ಕಾಫಿ ಪುಟ್ಟ ಕಪ್ಪಿನಲ್ಲಿ ಗಟ್ಟಿಯಾಗಿ, ಸಿಹಿಯಾಗಿ ಬರುತ್ತದೆ. ನೀರು ಮಾತ್ರ ಬಾಟಲಿಯದೇ ಆಗಲಿ.

ಇನ್ನು ಸಂಗೀತ. ಇದಕ್ಕೆ ಪ್ಯಾಕೇಜ್ ಬೇಕಿಲ್ಲ. ಹೋಟೆಲ್, ಬಾರ್ ಎಲ್ಲಿ ಕೂತರೂ ಒಂದು ತಂಡ ಎದುರಾಗುತ್ತದೆ. ಹೆಚ್ಚಾಗಿ ನುಡಿಸುವುದು ಪೂರ್ವ ಕ್ಯೂಬಾದಲ್ಲಿ ಹುಟ್ಟಿದ ಸೋನ್ ಎಂಬ ಸಂಗೀತ. ಜೋಡಿ ತಂತಿಗಳ ಮೂರು ಗುಂಪಿರುವ ಗಿಟಾರಿನಂಥ ತ್ರೆಸ್, ಬೊಂಗೊ ಎಂಬ ಪುಟ್ಟ ಜೋಡಿ ಡ್ರಮ್, ಮರಾಕಾಸ್ ಎಂಬ ಗಿಲಕಿ ಇರುತ್ತವೆ. ನೀವು ನೋಡಬೇಕಾದ್ದು ಕ್ಲಾವೆ ಹಿಡಿದವರನ್ನು. ಎರಡು ಗಟ್ಟಿ ಮರದ ಕೋಲು. ಒಂದನ್ನು ಬೊಗಸೆಯಂತೆ ಬಾಗಿಸಿದ ಕೈ ಮೇಲೆ ಸಡಿಲವಾಗಿ ಇಟ್ಟು ಇನ್ನೊಂದರಿಂದ ಹೊಡೆಯುತ್ತಾರೆ. ಒಂದು ಸುತ್ತಿಗೆ ಒಟ್ಟು ಐದು ಪೆಟ್ಟು: ಒಂದು ಅರ್ಧದಲ್ಲಿ ಮೂರು, ಇನ್ನೊಂದು ಅರ್ಧದಲ್ಲಿ ಎರಡು. ಹಾಡು ಮುಗಿಯುವವರೆಗೂ ಅದೇ ಸುತ್ತು. ತಾಳ ಹಾಕಿ ಅಭ್ಯಾಸ ಇದ್ದವರ ಕೈ ತಾನಾಗಿಯೇ ಮೇಜು ತಟ್ಟುತ್ತದೆ.

ಹಾಡಾದ ಮೇಲೆ ಟೋಪಿಯೋ ಬುಟ್ಟಿಯೋ ನಿಮ್ಮ ಮೇಜಿಗೂ ಬರುತ್ತದೆ. ಕಾರ್ಡ್ ನಂಬಿ ಕೂರಬೇಡಿ, ಸಣ್ಣ ನೋಟುಗಳನ್ನು ಕೆನಡಾದಿಂದಲೇ ತನ್ನಿ. ಅಮೆರಿಕದ ಬ್ಯಾಂಕಿನ ಕಾರ್ಡಂತೂ ಅಲ್ಲಿ ನಡೆಯುವುದೇ ಇಲ್ಲ.