ನೋವು ‘ಡಿಟೀರಿಯೊರೇಟ್’ ಆಗುವುದಿಲ್ಲ

ಪ್ರಶ್ನೆ: ‘ಡಿಟೀರಿಯೊರೇಟ್’, ‘ವರ್ಸನ್’, ‘ಡಿಗ್ರೇಡ್’, ‘ಡಿಕ್ಲೈನ್’ – ನಾಲ್ಕಕ್ಕೂ ಡಿಕ್ಷನರಿಯಲ್ಲಿ ಹೆಚ್ಚುಕಡಿಮೆ ‘ಕೆಡು, ಹದಗೆಡು, ಕುಸಿ’ ಅಂತಲೇ ಇದೆ. ಎಲ್ಲ ಒಂದೇ ಅಲ್ವಾ? ಆಫೀಸಿನ ಇಮೇಲ್‌ನಲ್ಲಿ ಯಾವುದನ್ನು ಬರೆದರೆ ಚೆನ್ನ?

ಉತ್ತರ: ಒಂದೇ ಅಲ್ಲ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೋ ಲೆಕ್ಕವಿಲ್ಲ. ಆದರೂ ಇನ್ನೊಂದು ಸಲ ಬರೆಯುತ್ತೇನೆ. ಯಾಕೆಂದರೆ ಈ ಪ್ರಶ್ನೆಯ ಹಿಂದೆ ಒಂದು ಹಟಮಾರಿ ನಂಬಿಕೆ ಕೂತಿದೆ. ‘ಗೆಟ್ ವರ್ಸ್’ ಅನ್ನುವುದು ಮನೆಯಲ್ಲಿ ಹಾಕುವ ಬಟ್ಟೆ, ‘ವರ್ಸನ್’ ಇಸ್ತ್ರಿ ಮಾಡಿದ ಬಟ್ಟೆ, ‘ಡಿಟೀರಿಯೊರೇಟ್’ ಮದುವೆಗೆ ಹಾಕುವ ಬಟ್ಟೆ. ಒಳಗಿರುವ ಮೈ ಒಂದೇ ಅನ್ನುವ ನಂಬಿಕೆ. ವಿಷಯ ಗಂಭೀರವಾದಷ್ಟೂ ದೊಡ್ಡ ಪದ ಹಾಕಿದರಾಯ್ತು ಅಂತ.

ಆಗಲ್ಲ. ‘ಮೈ ಬ್ಯಾಕ್ ಪೇನ್ ಹ್ಯಾಸ್ ಡಿಟೀರಿಯೊರೇಟೆಡ್’ ಅಂತ ರಜೆ ಅರ್ಜಿಯಲ್ಲಿ ಬರೆಯುವವರಿದ್ದಾರೆ. ವ್ಯಾಕರಣ ಸರಿಯಾಗಿದೆ. ಕಿವಿಗೆ ಮಾತ್ರ ಚುಚ್ಚುತ್ತದೆ. ಯಾಕೆ ಅಂತ ತಿಳಿಯಲು ಇಂಗ್ಲಿಷ್ ಬೇಡ, ಕನ್ನಡದಲ್ಲೇ ಹೇಳಿ ನೋಡಿ. ‘ಆರೋಗ್ಯ ಹದಗೆಟ್ಟಿತು’ ಸರಿ. ‘ರಸ್ತೆ ಹದಗೆಟ್ಟಿದೆ’ ಸರಿ. ‘ಬೆನ್ನುನೋವು ಹದಗೆಟ್ಟಿತು’? ಯಾರೂ ಹೇಳಲ್ಲ. ಪದವನ್ನು ಒಡೆದರೆ ಕಾರಣ ಅಲ್ಲೇ ಇದೆ: ಹದ, ಕೆಡು. ಹದ ಕೆಡಬೇಕಾದರೆ ಮೊದಲು ಹದ ಇರಬೇಕು. ನೋವಿಗೆ ಎಲ್ಲಿಯ ಹದ? ಅದು ಜಾಸ್ತಿ ಆಗುತ್ತದೆ. ಪತ್ರಿಕೆಯವರ ಮಾತಿನಲ್ಲಿ ಹೇಳುವುದಾದರೆ ಉಲ್ಬಣಿಸುತ್ತದೆ.

ಇಂಗ್ಲಿಷಿನ ಲೆಕ್ಕವೂ ಇದೇ. ಆರೋಗ್ಯ, ಗುಣಮಟ್ಟ, ದೃಷ್ಟಿ, ಸಂಬಂಧ, ಕಟ್ಟಡ – ಇವು ಒಂದು ಕಾಲಕ್ಕೆ ಚೆನ್ನಾಗಿರಬಹುದಾದ ಸಂಗತಿಗಳು. ಇವು ಡಿಟೀರಿಯೊರೇಟ್ ಆಗುತ್ತವೆ. ನೋವು, ಬರಗಾಲ, ಕೊರತೆ, ಬಿಕ್ಕಟ್ಟು ಹುಟ್ಟಿನಿಂದಲೇ ಕೆಟ್ಟವು. ಇವು ವರ್ಸನ್ ಆಗುತ್ತವೆ. ‘ದಿ ಪ್ರಾಬ್ಲಮ್ ಡಿಟೀರಿಯೊರೇಟೆಡ್’ ಅಂತ ಬರೆಯುತ್ತೀರಲ್ಲ, ಅದು ಗಟ್ಟಿಮುಟ್ಟಾಗಿದ್ದ ಸಮಸ್ಯೆ ಪಾಪ ಈಗ ಸೊರಗಿದೆ ಅಂದಂತೆ ಕೇಳಿಸುತ್ತದೆ. ಹಾಗಾದರೆ ಸಂತೋಷವೇ ಅಲ್ವಾ?

‘ವೆದರ್’, ‘ಸಿಚುಯೇಶನ್’, ‘ಕಂಡಿಶನ್’ ಇವು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ಇವುಗಳ ಜೊತೆ ಎರಡೂ ಪದ ನಡೆಯುತ್ತವೆ. ಗೊಂದಲ ಹುಟ್ಟುವುದು ಇಲ್ಲೇ. ಸುದ್ದಿಯಲ್ಲಿ ಕೆಡುವುದು ಜಾಸ್ತಿ ಸಿಚುಯೇಶನ್‌ಗಳೇ. ಅಲ್ಲಿ ಎರಡೂ ಪದ ಕಂಡು, ಎಲ್ಲ ಕಡೆಯೂ ಹೀಗೇ ಅಂದುಕೊಂಡುಬಿಡುತ್ತೇವೆ. ಇನ್ನೊಂದು ಮಾತು: ‘ಹರ್ ಹೆಲ್ತ್ ವರ್ಸನ್ಡ್’ ಅಂದರೆ ತಪ್ಪಿಲ್ಲ. ವರ್ಸನ್ ಉದಾರಿ, ಯಾರ ಜೊತೆಗೂ ಕೂರುತ್ತದೆ. ಡಿಟೀರಿಯೊರೇಟ್ ಮಡಿವಂತ.

ಇಷ್ಟಾದ ಮೇಲೂ ಪ್ರತಿ ಬ್ಯಾಚಿನಲ್ಲಿ ಒಬ್ಬ ಜಾಣ ಕೈ ಎತ್ತುತ್ತಾನೆ. “ಸರ್, ಲ್ಯಾಟಿನ್ನಿನಲ್ಲಿ ‘ಡೆಟೆರಿಯೊರ್’ ಅಂದರೆ ‘ಇನ್ನೂ ಕೆಟ್ಟ’ ಅಂತಲೇ ಅರ್ಥವಂತೆ. ಹಾಗಾದರೆ ಎರಡೂ ಒಂದೇ ಆಯ್ತಲ್ಲ?” ಮೂಲ ಹುಡುಕಿದ್ದಕ್ಕೆ ಶಭಾಷ್. ಆದರೆ ಪದ ಹುಟ್ಟಿದ ಮನೆಯೇ ಅದರ ಈಗಿನ ವಿಳಾಸ ಅಲ್ಲ. ‘ಇನ್ನಷ್ಟು ಕೆಡಿಸು’ ಅನ್ನಲು ಬಳಸುವ ‘ಅಗ್ರವೇಟ್’ ಪದದ ಒಳಗೆ ಭಾರ ಅನ್ನುವ ಅರ್ಥದ ‘ಗ್ರಾವಿಸ್’ ಇದೆ. ಅಷ್ಟಕ್ಕೇ ಬ್ಯಾಗಿಗೆ ನಾಲ್ಕು ಪುಸ್ತಕ ತುಂಬಿ ಅದನ್ನು ಅಗ್ರವೇಟ್ ಮಾಡಿದೆ ಅನ್ನುತ್ತೇವಾ?

ಇನ್ನು ‘ದಿ ರೋಡ್ ಈಸ್ ಡಿಟೀರಿಯೊರೇಟೆಡ್’. ಇದು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ‘ಹದಗೆಟ್ಟಿದೆ’ಯ ಬಾಲದಲ್ಲಿರುವ ‘ಇದೆ’ಯನ್ನು ಹಾಗೇ ಎತ್ತಿ ‘ಈಸ್’ ಮಾಡಿದ್ದೀರಿ. ‘ಹ್ಯಾಸ್ ಡಿಟೀರಿಯೊರೇಟೆಡ್’ ಅನ್ನಬೇಕು. ‘ದಿ ರೇನ್ ಡಿಟೀರಿಯೊರೇಟೆಡ್ ದಿ ರೋಡ್’ ಕೂಡ ಬೇಡ, ಈಗಿನ ಬಳಕೆಯಲ್ಲಿ ಅದು ತೀರಾ ಅಪರೂಪ. ಕನ್ನಡದಲ್ಲಿ ‘ಹದಗೆಡು’ಗೆ ಒಂದು ‘ಇಸು’ ಅಂಟಿಸಿದರೆ ‘ಹದಗೆಡಿಸು’ ಸಿದ್ಧ. ಇಂಗ್ಲಿಷಿಗೆ ಆ ಭಾಗ್ಯವಿಲ್ಲ, ಬೇರೆ ಪದವನ್ನೇ ಹುಡುಕಬೇಕು. ರಸ್ತೆಗೆ ‘ಡ್ಯಾಮೇಜ್’ ಸಾಕು. ಮೊದಲೇ ಕೆಟ್ಟಿರುವುದನ್ನು ಇನ್ನಷ್ಟು ಕೆಡಿಸಿದರೆ ‘ಅಗ್ರವೇಟ್’ ಅಥವಾ ‘ಎಕ್ಸಾಸರ್ಬೇಟ್’. ಇವು ಯಾವಾಗಲೂ ‘ಇಸು’ ಪದಗಳು. ಕೆಡಿಸುವವರು ಒಬ್ಬರಿರಬೇಕು, ಕೆಡುವುದು ಒಂದಿರಬೇಕು. ‘ದಿ ಪೇನ್ ಎಕ್ಸಾಸರ್ಬೇಟೆಡ್’ ಅಂತ ಸುಮ್ನೆ ನಿಲ್ಲಿಸುವಂತಿಲ್ಲ. ವರ್ಸನ್ ಮಾತ್ರ ಇಲ್ಲೂ ಉದಾರಿ, ಎರಡೂ ಕೆಲಸಕ್ಕೆ ಆಗುತ್ತದೆ.

ಉಚ್ಚಾರಣೆ ಬಗ್ಗೆ ಒಂದೇ ಮಾತು. ‘ಡಿಟೋರಿಯೇಟ್’ ಅನ್ನುವ ಪದ ಇಲ್ಲ. ಡಿ-ಟೀ-ರಿ-ಯೊ-ರೇಟ್, ಐದು ತುಂಡು. ಇಂಗ್ಲಿಷನ್ನೇ ಮನೆಮಾತು ಮಾಡಿಕೊಂಡವರಲ್ಲೂ ಕೆಲವರು ಒಂದು ತುಂಡು ನುಂಗುತ್ತಾರೆ. ಬಾಯಲ್ಲಿ ನುಂಗಿದರೆ ನಡೆಯುತ್ತದೆ, ಸ್ಪೆಲ್ಲಿಂಗಿನಲ್ಲಿ ನಡೆಯಲ್ಲ.

ಉಳಿದವುಗಳಲ್ಲಿ ‘ಡಿಕ್ಲೈನ್’ ಅಂದರೆ ಇಳಿಮುಖ. ಮಾರಾಟ, ಜನಸಂಖ್ಯೆ, ಪ್ರಭಾವ ಹೀಗೆ ಏರಿಳಿಯುವಂಥವಕ್ಕೆ ಹೊಂದುತ್ತದೆ. ‘ಡ್ವಿಂಡಲ್’ ಅಂದರೆ ಕರಗುತ್ತಾ ಹೋಗಿ ಕೊನೆಗೆ ಚೂರುಪಾರು ಉಳಿಯುವುದು. ‘ವೇನ್’ ಚಂದ್ರನ ಪದ. ಹುಣ್ಣಿಮೆ ಕಳೆದ ಮೇಲೆ ಚಂದ್ರ ಸವೆಯುವ ಹಾಗೆ ಆಸಕ್ತಿಯೋ ಅಧಿಕಾರವೋ ಸವೆದಾಗ ಬಳಸಿ. ನನಗೆ ಇಷ್ಟವಾದದ್ದು ‘ಇರೋಡ್’. ಅದರ ಮೂಲ ‘ಕಡಿ, ಮೆಲ್ಲು’ ಅನ್ನುವ ಲ್ಯಾಟಿನ್ ಕ್ರಿಯಾಪದ. ಇಲಿ ಜಾತಿಗೆ ‘ರೋಡೆಂಟ್’ ಅನ್ನುವ ಹೆಸರು ಬಂದದ್ದೂ ಅಲ್ಲಿಂದಲೇ. ನಂಬಿಕೆ ‘ಇರೋಡ್’ ಆಯಿತು ಅಂದರೆ ಯಾರೋ ಅದನ್ನು ರಾತ್ರಿಯೆಲ್ಲ ಇಲಿಯ ಹಾಗೆ ಕಡಿದಿದ್ದಾರೆ ಅಂತ.

‘ಡಿಗ್ರೇಡ್’ ಜೊತೆ ಹುಷಾರು. ಬಿಸಿಲಿಗೆ ಪ್ಲಾಸ್ಟಿಕ್ ಡಿಗ್ರೇಡ್ ಆಗುತ್ತದೆ, ಬ್ಯಾಟರಿ ಡಿಗ್ರೇಡ್ ಆಗುತ್ತದೆ. ಆದರೆ ಮನುಷ್ಯರ ಹತ್ತಿರ ಬಂದ ಕೂಡಲೇ ಅದಕ್ಕೆ ‘ಅವಮಾನಿಸು’ ಅನ್ನುವ ಅರ್ಥ ಅಂಟುತ್ತದೆ. ಹಿಂದೊಮ್ಮೆ ವಿದ್ಯಾರ್ಥಿಯೊಬ್ಬ ‘ಅವರ್ ಟೀಚರ್ ಈಸ್ ಡಿಗ್ರೇಡಿಂಗ್’ ಅಂತ ಬರೆದಿದ್ದ. ನನಗೆ ಹುಷಾರಿಲ್ಲ ಅಂತ ಹೇಳುವುದು ಅವನ ಉದ್ದೇಶ.

‘ಗೋ ಡೌನ್‌ಹಿಲ್’ ಅಂದರೆ ಕೆಡುತ್ತಾ ಹೋಗುವುದು. ಅದೇ ‘ಇಟ್ಸ್ ಆಲ್ ಡೌನ್‌ಹಿಲ್ ಫ್ರಮ್ ಹಿಯರ್’ ಅಂದರೆ ‘ಕಷ್ಟ ಮುಗೀತು, ಇನ್ನು ಸಲೀಸು’ ಅಂತಲೂ ಆಗಬಹುದು. ಗುಡ್ಡ ಒಂದೇ. ಬೀಳುವವನಿಗೆ ಒಂದು ಅರ್ಥ, ಸೈಕಲ್ ತುಳಿಯುವವನಿಗೆ ಇನ್ನೊಂದು.

ಇಮೇಲ್ ಕೇಳಿದ್ದಿರಿ. ಅನುಮಾನ ಬಂದರೆ ‘ಗಾಟ್ ವರ್ಸ್’ ಅಂತ ಬರೆಯಿರಿ. ಯಾರೂ ನಗುವುದಿಲ್ಲ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ: ಪದಗಳೂ ಹೀಗೆ ಕೆಡುತ್ತಾ ಹೋಗುತ್ತವೆಯೇ? ಧಾರಾಳವಾಗಿ. ಭಾಷಾಶಾಸ್ತ್ರದವರು ಇದಕ್ಕೆ ‘ಪೆಜರೇಶನ್’ ಅನ್ನುತ್ತಾರೆ. ‘ಸಿಲ್ಲಿ’ಯ ಹಳೆಯ ರೂಪಕ್ಕೆ ಸುಖಿ, ಧನ್ಯ ಅನ್ನುವ ಅರ್ಥವಿತ್ತು. ಆಮೇಲೆ ಪಾಪದವನಾಗಿ ಕೊನೆಗೆ ಪೆದ್ದನಾದ. ‘ವಿಲನ್’ ಮೊದಲು ಜಮೀನಿನಲ್ಲಿ ದುಡಿಯುವ ಹಳ್ಳಿಯವನು, ಅಷ್ಟೇ. ‘ಸ್ಟಿಂಕ್’ ಅನ್ನು ಹಳೆಯ ಇಂಗ್ಲಿಷಿನಲ್ಲಿ ಹೂವಿಗೂ ಬಳಸಬಹುದಿತ್ತು. ಒಳ್ಳೆಯದೋ ಕೆಟ್ಟದ್ದೋ, ವಾಸನೆ ಬೀರಿದರೆ ಸಾಕಿತ್ತು.

ನಗಬೇಡಿ. ರೂಮಿಗೆ ಬಂದವರೊಬ್ಬರು ಮೂಗು ಎಳೆದು, “ಏನೋ ವಾಸನೆ ಬರ್ತಿದೆ” ಅಂದರೆ ನೀವು ಮಲ್ಲಿಗೆ ಹುಡುಕುತ್ತೀರಾ, ಸತ್ತ ಇಲಿ ಹುಡುಕುತ್ತೀರಾ? ಒಳ್ಳೆಯದಾದರೆ ಈಗ ‘ಪರಿಮಳ’ ಅನ್ನಬೇಕು, ‘ಘಮ’ ಅನ್ನಬೇಕು. ಬರೀ ‘ವಾಸನೆ’ ಅಂದರೆ ಕಿಟಕಿ ತೆಗೆಯುತ್ತೇವೆ. ಹಾಗಾದರೆ ಈ ಪದ ಡಿಟೀರಿಯೊರೇಟ್ ಆಯ್ತೋ, ವರ್ಸನ್ ಆಯ್ತೋ? ಇದಕ್ಕೆ ಉತ್ತರ ನಾನು ಹೇಳಲ್ಲ.