ಸಮ್ಮೋಹನ, ಒತ್ತಡ, ಹಳೆಯ ಆಘಾತ: ಈ ಅಧ್ಯಾಯದಲ್ಲಿ ನಾನು ಎಡವಿದ ಕಡೆಗಳು

ಮನಃಶಾಸ್ತ್ರದ ಪರೀಕ್ಷೆಗೆ ಓದುವ, ಸಮ್ಮೋಹನ ಚಿಕಿತ್ಸೆಯ ಈ ಅಧ್ಯಾಯದಲ್ಲಿ ಮೊದಲು ತೊಡಕಾಗುವುದು ಪದವೇ. ಸಮ್ಮೋಹನ ಎಂದೊಡನೆ ನಮಗೆ ಉತ್ತರ ಗೋಗ್ರಹಣದ ಅರ್ಜುನ ನೆನಪಾಗುತ್ತಾನೆ. ಅವನು ಅಸ್ತ್ರ ಬಿಟ್ಟ, ಕೌರವರ ಸೇನೆ ನಿಂತಲ್ಲೇ ಮೈಮರೆಯಿತು. ಎದುರಿನವರ ಒಪ್ಪಿಗೆ ಕೇಳುವ ಮಾತೇ ಅಲ್ಲಿರಲಿಲ್ಲ. ಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವುದು ಇದಕ್ಕೆ ತೀರ ವಿರುದ್ಧ. ಅಲ್ಲಿ ಒಪ್ಪಿಗೆ ಇಲ್ಲದೆ ಏನೂ ಆಗುವುದಿಲ್ಲ, ಬೇಡವೆನಿಸಿದರೆ ಕಣ್ಣು ತೆರೆದು ಎದ್ದು ಹೋಗಬಹುದು.

ಸಮ್ಮೋಹನಕ್ಕೆ ಇಂಗ್ಲಿಷಿನಲ್ಲಿರುವ ಹಿಪ್ನಾಸಿಸ್ ಎಂಬ ಪದವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಅದರ ಬೇರು ಗ್ರೀಕರ ನಿದ್ರಾದೇವತೆ ಹಿಪ್ನೋಸ್. 1840ರ ದಶಕದಲ್ಲಿ ಆ ಪದವನ್ನು ಚಾಲ್ತಿಗೆ ತಂದ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್‌ಗೆ, ಇದು ನಿದ್ರೆಯಲ್ಲ ಎಂಬುದು ಕೆಲವೇ ವರ್ಷಗಳಲ್ಲಿ ಮನವರಿಕೆಯಾಯಿತು. ಆತ ‘ಮೊನೊಐಡಿಯಿಸಂ’, ಅಂದರೆ ಮನಸ್ಸು ಒಂದೇ ವಿಚಾರದಲ್ಲಿ ನೆಲೆಸುವುದು, ಎಂಬ ಹೆಸರನ್ನು ಮುಂದಿಟ್ಟ. ಆದರೆ ಅದು ಯಾರ ನಾಲಿಗೆಗೂ ಹತ್ತಲಿಲ್ಲ. ನನ್ನ ಮಟ್ಟಿಗೆ ಹೊಸ ಹೆಸರೇ ಸರಿಯಾದದ್ದು. ಪುಸ್ತಕ ಓದುತ್ತಾ ಪಕ್ಕದಲ್ಲಿ ಯಾರೋ ಕರೆದದ್ದು ಕೇಳಿಸದೆ ಹೋಗುತ್ತದಲ್ಲ, ಆ ತನ್ಮಯತೆಯನ್ನು ಬೇಕೆಂದೇ, ಒಂದು ಉದ್ದೇಶಕ್ಕಾಗಿ ಬಳಸುವುದೇ ಸಮ್ಮೋಹನ. ಗಮನ ಒಂದೆಡೆ ಕೂಡುತ್ತದೆ, ಸುತ್ತಲಿನ ಅರಿವು ಮಸುಕಾಗುತ್ತದೆ, ಸೂಚನೆಗೆ ಸ್ಪಂದಿಸುವ ಗುಣ ಹೆಚ್ಚುತ್ತದೆ. ಮೆದುಳು ಮಾತ್ರ ಎಚ್ಚರದಲ್ಲೇ ಇರುತ್ತದೆ.

ಇತಿಹಾಸದಲ್ಲಿ ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ; ಒಂದು ಪ್ರಸಂಗ ಗಟ್ಟಿಯಾಗಿ ಗೊತ್ತಿದ್ದರೆ ಸಾಕು. ಹದಿನೆಂಟನೆಯ ಶತಮಾನದ ವೈದ್ಯ ಫ್ರಾಂಜ್ ಮೆಸ್ಮರ್, ದೇಹಗಳ ನಡುವೆ ಕಾಣದ ಕಾಂತದ್ರವವೊಂದು ಹರಿಯುತ್ತದೆ, ಅದನ್ನು ಸರಿಪಡಿಸಿದರೆ ರೋಗ ವಾಸಿಯಾಗುತ್ತದೆ ಎಂದು ಹೇಳಿ ಪ್ಯಾರಿಸ್‌ನಲ್ಲಿ ಹೆಸರು ಮಾಡಿದ್ದ. 1784ರಲ್ಲಿ ಫ್ರಾನ್ಸ್‌ನ ದೊರೆ ಹದಿನಾರನೆಯ ಲೂಯಿ ಇದರ ತನಿಖೆಗೆ ಆಯೋಗ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನವಿಜ್ಞಾನಿ ಲವಾಸಿಯೆ ಅದರಲ್ಲಿದ್ದರು. ಫ್ರಾಂಕ್ಲಿನ್‌ನ ತೋಟದಲ್ಲಿ ಮೆಸ್ಮರ್‌ನ ಶಿಷ್ಯ ಒಂದು ಮರಕ್ಕೆ ‘ಕಾಂತಶಕ್ತಿ’ ತುಂಬಿದ. ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಬೇರೆ ಬೇರೆ ಮರಗಳ ಬಳಿಗೆ ಒಯ್ದರು. ಹುಡುಗ ಮೂರ್ಛೆ ಹೋದದ್ದೇನೋ ನಿಜ, ಆದರೆ ಯಾರೂ ಏನನ್ನೂ ತುಂಬದ ಮರದ ಬುಡದಲ್ಲಿ! ದ್ರವವಿಲ್ಲ, ಇದೆಲ್ಲ ಕಲ್ಪನೆಯ ಪರಿಣಾಮ ಎಂದು ಆಯೋಗ ಬರೆಯಿತು. ಅಲ್ಲಿಗೆ ಮೆಸ್ಮರ್‌ನ ಸಿದ್ಧಾಂತ ಬಿತ್ತು. ಆದರೆ ಇನ್ನೊಂದು ಪ್ರಶ್ನೆಯನ್ನು ಅಂದು ಯಾರೂ ಬೆನ್ನುಹತ್ತಲಿಲ್ಲ: ಬರೀ ಕಲ್ಪನೆ ಒಬ್ಬ ಹುಡುಗನನ್ನು ನೆಲಕ್ಕೆ ಕೆಡವಬಲ್ಲದಾದರೆ, ಅದೇ ಕಲ್ಪನೆಯಿಂದ ನೋವು ಇಳಿಸಬಹುದಲ್ಲವೇ?

ಇದಕ್ಕೆ ಬಂದ ಉತ್ತರಗಳಲ್ಲಿ ನನಗೆ ಹಿಡಿಸಿದ್ದು 1997ರ ಒಂದು ಪ್ರಯೋಗ. ಪಿಯರ್ ರೇನ್‌ವಿಲ್ ಮತ್ತು ಸಂಗಡಿಗರು ಸಮ್ಮೋಹನದಲ್ಲಿದ್ದವರ ಕೈಯನ್ನು ಸುಡುವಷ್ಟು ಬಿಸಿಯ ನೀರಿನಲ್ಲಿ ಇರಿಸಿ, ಆ ನೋವಿನ ‘ಅಸಹನೀಯತೆ’ ಹೆಚ್ಚುತ್ತಿದೆ ಅಥವಾ ಇಳಿಯುತ್ತಿದೆ ಎಂಬ ಸೂಚನೆ ಕೊಟ್ಟರು. ಮೆದುಳಿನ ಚಿತ್ರಗಳಲ್ಲಿ ಆ ಸೂಚನೆಗೆ ತಕ್ಕಂತೆ ಏರಿಳಿದದ್ದು, ನೋವು ಎಷ್ಟು ಕಾಡುತ್ತದೆ ಎಂಬುದರೊಡನೆ ನಂಟಿರುವ ಮುಂಭಾಗದ ಸಿಂಗ್ಯುಲೇಟ್ ಪ್ರದೇಶದ ಚಟುವಟಿಕೆ. ಸ್ಪರ್ಶವನ್ನು ದಾಖಲಿಸುವ ಪ್ರದೇಶದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಬಿಸಿ ಅಷ್ಟೇ ಇತ್ತು, ಅದು ಕಾಡುವ ಬಗೆ ಬದಲಾಯಿತು. ಒತ್ತಡಕ್ಕೂ ಆಘಾತಕ್ಕೂ ಸಮ್ಮೋಹನ ಏನು ಮಾಡೀತು ಎಂದು ಊಹಿಸಲು ಈ ಒಂದು ವಾಕ್ಯ ಸಾಕು. ನಡೆದುಹೋದದ್ದನ್ನು ಅದು ಅಳಿಸುವುದಿಲ್ಲ. ನಡೆದದ್ದು ಇಂದು ಮೈಮನಸ್ಸಿನ ಮೇಲೆ ಎಷ್ಟು ಭಾರ ಹಾಕುತ್ತದೆ ಎಂಬುದನ್ನು ಬದಲಿಸಲು ನೋಡುತ್ತದೆ.

ಒಂದು ಭೇಟಿಯಲ್ಲಿ ಏನೇನು ನಡೆಯುತ್ತದೆ

ಮೊದಲು ಮಾತುಕತೆ. ತೊಂದರೆ ಏನು, ಹಿಂದೆ ಯಾವ ಕಾಯಿಲೆ ಇತ್ತು, ಸಮ್ಮೋಹನದ ಬಗ್ಗೆ ಯಾವ ಭಯವಿದೆ ಎಂದೆಲ್ಲ ಕೇಳುತ್ತಾರೆ. ಆಮೇಲೆ ಪ್ರವೇಶದ ಹಂತ: ಒಂದು ಬಿಂದುವನ್ನು ದಿಟ್ಟಿಸುವುದು, ಉಸಿರನ್ನು ಗಮನಿಸುವುದು, ಮೈಯ ಒಂದೊಂದೇ ಭಾಗವನ್ನು ಸಡಿಲಿಸುವುದು. ಮೆಟ್ಟಿಲಿಳಿದಂತೆ ಕಲ್ಪಿಸಿಕೊಳ್ಳುವುದು ಆಳಕ್ಕೆ ಹೋಗುವ ಹಳೆಯ ದಾರಿ. ಚಿಕಿತ್ಸೆಯ ಹೂರಣ ಇರುವುದು ನಂತರದ ಸೂಚನೆಗಳಲ್ಲಿ. ಉದಾಹರಣೆಗೆ, ‘ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿದಾಗಲೆಲ್ಲ ಈ ನಿರಾಳತೆ ಮರಳುತ್ತದೆ’ ಎಂಬ ಸೂಚನೆ ಭೇಟಿ ಮುಗಿದ ಮೇಲೂ ಕೆಲಸ ಮಾಡಲೆಂದು ಕೊಟ್ಟದ್ದು. ಕೊನೆಗೆ ಪೂರ್ತಿ ಎಚ್ಚರಕ್ಕೆ ಕರೆತರುತ್ತಾರೆ. ಈ ಕೊನೆಯ ಹಂತವನ್ನು ಉತ್ತರಪತ್ರಿಕೆಯಲ್ಲಿ ಬರೆಯಲು ಮರೆಯುವವರೇ ಹೆಚ್ಚು, ನಾನೂ ಮರೆತಿದ್ದೇನೆ.

ಎಲ್ಲರೂ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. ಆಂಡ್ರೆ ವೈಟ್ಸೆನ್‌ಹಾಫರ್ ಮತ್ತು ಅರ್ನೆಸ್ಟ್ ಹಿಲ್ಗಾರ್ಡ್ ಯಾರು ಎಷ್ಟು ಸ್ಪಂದಿಸುತ್ತಾರೆ ಎಂದು ಅಳೆಯಲು 1959ರಲ್ಲಿ ಸ್ಟ್ಯಾನ್‌ಫರ್ಡ್ ಮಾಪಕವನ್ನು ಹೊರತಂದರು. ಅದರಲ್ಲಿ ಹನ್ನೆರಡು ಪರೀಕ್ಷೆಗಳಿವೆ: ಚಾಚಿದ ಕೈ ಭಾರವಾಗಿ ಕೆಳಗಿಳಿಯುತ್ತದೆ ಎನ್ನುವಂಥ ಸುಲಭದವು ಕೆಲವು, ಇಲ್ಲದ ನೊಣವೊಂದು ಹಾರಾಡುತ್ತಿದೆ ಎನ್ನುವಂಥ ಕಷ್ಟದವು ಕೆಲವು. ಬಹಳಷ್ಟು ಜನರಿಗೆ ಸಿಗುವುದು ನಡುವಿನ ಅಂಕ. ಅತಿ ಹೆಚ್ಚು ಸ್ಪಂದಿಸುವವರೂ ಏನೂ ಆಗದವರೂ ಕಡಿಮೆ. ಇಪ್ಪತ್ತೈದು ವರ್ಷ ಬಿಟ್ಟು ಅದೇ ಜನರನ್ನು ಮತ್ತೆ ಪರೀಕ್ಷಿಸಿದಾಗಲೂ ಅಂಕಗಳು ಬಹುಮಟ್ಟಿಗೆ ಹಾಗೇ ಇದ್ದವು. ಆದ್ದರಿಂದ ಸಮ್ಮೋಹನ ಹತ್ತದವರು ಮೊಂಡರೂ ಅಲ್ಲ, ಹತ್ತುವವರು ಮನೋದುರ್ಬಲರೂ ಅಲ್ಲ.

ಒತ್ತಡದ ವಿಷಯ ಸರಳ, ಬೇಗ ಮುಗಿಸುತ್ತೇನೆ. ಬೆದರಿಕೆ ಕಂಡೊಡನೆ ಅಡ್ರಿನಲಿನ್, ಅದರ ಹಿಂದೆಯೇ ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಹೃದಯ ಜೋರಾಗುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ. ಬೆದರಿಕೆ ಸರಿದ ಮೇಲೂ ಈ ವ್ಯವಸ್ಥೆ ಇಳಿಯದೆ ಉಳಿದರೆ ನಿದ್ದೆ, ಜೀರ್ಣಕ್ರಿಯೆ, ಸಹನೆ ಎಲ್ಲವೂ ಕೆಡುತ್ತವೆ. ಇಲ್ಲಿ ಸಮ್ಮೋಹನಕ್ಕೆ ಹತ್ತಿರದ ನಂಟರು ಹಲವರಿದ್ದಾರೆ. ಎಡ್ಮಂಡ್ ಜೇಕಬ್ಸನ್ ರೂಪಿಸಿದ ವಿಧಾನದಲ್ಲಿ ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಬಿಡುತ್ತಾರೆ. ಯೋಹಾನೆಸ್ ಶುಲ್ಟ್ಸ್‌ನ ಆಟೋಜೆನಿಕ್ ತರಬೇತಿ ಹೆಚ್ಚುಕಡಿಮೆ ತನಗೆ ತಾನೇ ಮಾಡಿಕೊಳ್ಳುವ ಸಮ್ಮೋಹನ. ಜಾನ್ ಕಬಾಟ್-ಜಿನ್ 1979ರಲ್ಲಿ ಆರಂಭಿಸಿದ, ಎಂಟು ವಾರಗಳ ಸಾವಧಾನತೆಯ (ಮೈಂಡ್‌ಫುಲ್‌ನೆಸ್) ಕಾರ್ಯಕ್ರಮವೂ ಇದೇ ಸಾಲಿಗೆ ಸೇರುತ್ತದೆ. ದಿನನಿತ್ಯದ ಒತ್ತಡಕ್ಕೆ ಇವುಗಳಲ್ಲಿ ಯಾವುದು ಮೇಲು ಎಂದು ಚರ್ಚಿಸುವುದಕ್ಕಿಂತ ಯಾವುದನ್ನು ಒಬ್ಬ ವ್ಯಕ್ತಿ ಬಿಡದೆ ಮಾಡಿಯಾನು ಎಂದು ನೋಡುವುದು ಲೇಸು.

ಆಘಾತ ಬೇರೆಯೇ ಸಂಗತಿ

ಜೀವಕ್ಕೆ ಕುತ್ತು ತರುವ ಘಟನೆ, ಲೈಂಗಿಕ ಹಿಂಸೆ, ಭೀಕರ ಅಪಘಾತ ಇಂಥವುಗಳ ನಂತರ ಕೆಲವರಲ್ಲಿ ಉಳಿಯುವ ಸ್ಥಿತಿಗೆ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಅಸ್ವಸ್ಥತೆ ಎಂಬ ಹೆಸರು 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು. ಬೇಡವೆಂದರೂ ನುಗ್ಗಿ ಬರುವ ನೆನಪು ಮತ್ತು ದುಃಸ್ವಪ್ನ, ನೆನಪಿಸುವುದೆಲ್ಲವನ್ನೂ ದೂರವಿಡುವುದು, ತನ್ನ ಮತ್ತು ಜಗತ್ತಿನ ಬಗ್ಗೆ ಕಹಿಯಾದ ನಂಬಿಕೆ, ಸದಾ ಬೆಚ್ಚುವ ಎಚ್ಚರ: ಈ ನಾಲ್ಕೂ ಒಂದು ತಿಂಗಳು ದಾಟಬೇಕು. ಆಘಾತಕ್ಕೊಳಗಾದವರೆಲ್ಲರಿಗೂ ಇದು ಬರುವುದಿಲ್ಲ, ಬಹುಪಾಲು ಜನ ಕಾಲಕ್ರಮೇಣ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಬಾರಿಗೆ ಎಲ್ಲವನ್ನೂ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಅದು ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ ಎಂದು ಅಧ್ಯಯನಗಳು ತೋರಿಸಿದ ಮೇಲೆ ಕೈಬಿಡಲಾಯಿತು.

ಈಗ ನಾನು ಎಡವಿದ ಮುಖ್ಯ ಕಡೆ. ‘ಸಮ್ಮೋಹನದಿಂದ ಮರೆತುಹೋದ ಆಘಾತವನ್ನು ಹೊರತೆಗೆದು ಗುಣಪಡಿಸಬಹುದು’ ಎಂದು ಒಮ್ಮೆ ಉತ್ತರದಲ್ಲಿ ಬರೆದು ಕೆಂಪು ಶಾಯಿ ತಿಂದಿದ್ದೇನೆ. ನೆನಪು ಉಗ್ರಾಣದಲ್ಲಿ ಕೂಡಿಟ್ಟ ಮೂಟೆಯಲ್ಲ. ಪ್ರತಿಸಲವೂ ಹೊಸದಾಗಿ ಮಾಡಿ ಬಡಿಸುವ ಅಡುಗೆ. ಇದ್ದ ಸಾಮಾನು ಕಡಿಮೆ ಬಿದ್ದರೆ ಮನಸ್ಸು ಬೇರೆ ಕಡೆಯಿಂದ ತಂದು ಸೇರಿಸುತ್ತದೆ. ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಲ್ಯದಲ್ಲಿ ಮಳಿಗೆಯೊಂದರಲ್ಲಿ ಕಳೆದುಹೋಗಿದ್ದಿರಿ ಎಂಬ ನಡೆಯದ ಘಟನೆಯನ್ನು ನಿಜವಾದವುಗಳ ನಡುವೆ ಸೇರಿಸಿ ಹೇಳಲಾಯಿತು. ಭಾಗವಹಿಸಿದ್ದ 24 ಜನರಲ್ಲಿ ಸುಮಾರು ಕಾಲು ಭಾಗ ಅದನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ‘ನೆನಪಿಸಿಕೊಂಡರು’. ಅಲ್ಲಿ ಸಮ್ಮೋಹನವೇ ಇರಲಿಲ್ಲ ಎಂಬುದನ್ನು ಗಮನಿಸಿ. ಕಲ್ಪನೆಯನ್ನು ಹಿಗ್ಗಿಸುವ, ಸೂಚನೆಗೆ ಮನಸ್ಸನ್ನು ತೆರೆಯುವ ವಿಧಾನವನ್ನೂ ಸೇರಿಸಿದರೆ ಏನಾದೀತು? 1985ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಸಮಿತಿ ಇದೇ ಎಚ್ಚರಿಕೆ ಕೊಟ್ಟಿತು: ಸಮ್ಮೋಹನದಲ್ಲಿ ಹೊರಬರುವ ನೆನಪು ಸಾಮಾನ್ಯ ನೆನಪಿಗಿಂತ ಹೆಚ್ಚು ನಂಬಲರ್ಹವಲ್ಲ. ನೆನಪು ತಪ್ಪಿರಬಹುದು, ಆದರೆ ಹೇಳುವವರ ಖಚಿತತೆ ಮಾತ್ರ ಹೆಚ್ಚುತ್ತದೆ. ಸುಳ್ಳು ಹೇಳುವವರನ್ನು ಗುರುತಿಸುವುದೇ ಕಷ್ಟ. ತಪ್ಪನ್ನು ಪ್ರಾಮಾಣಿಕವಾಗಿ ನಂಬಿದವರನ್ನು ಗುರುತಿಸುವುದು ಹೇಗೆ? ‘ಹಿಂದಿನ ಜನ್ಮಕ್ಕೆ ಕರೆದೊಯ್ಯುತ್ತೇವೆ’ ಎನ್ನುವವರ ಬಗ್ಗೆ ಬೇರೆ ಟಿಪ್ಪಣಿ ಬೇಡ, ಈ ಪರಿಚ್ಛೇದವೇ ಅದಕ್ಕೂ ಸಲ್ಲುತ್ತದೆ.

ಹಾಗಾದರೆ ಆಘಾತಕ್ಕೆ ಮೊದಲ ಸಾಲಿನ ಚಿಕಿತ್ಸೆ ಯಾವುದು? ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಎರಡನ್ನು ಹೆಸರಿಸಿತು: ಆಘಾತಕೇಂದ್ರಿತ ಸಿಬಿಟಿ, ಅಂದರೆ ಯೋಚನೆಯನ್ನೂ ನಡವಳಿಕೆಯನ್ನೂ ಬದಲಿಸುವ ಮಾತಿನ ಚಿಕಿತ್ಸೆ, ಮತ್ತು ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್. ಸಿಬಿಟಿಯ ಕುಟುಂಬದಲ್ಲಿ ಎಡ್ನಾ ಫೋವಾ ರೂಪಿಸಿದ ದೀರ್ಘ ಒಡ್ಡಿಕೆಯ ಚಿಕಿತ್ಸೆ ಇದೆ. ಅಲ್ಲಿ ನಡೆದದ್ದನ್ನು ಕಣ್ಣಿಗೆ ಕಟ್ಟುವಂತೆ ಮತ್ತೆ ಮತ್ತೆ ಹೇಳುತ್ತಾರೆ, ತಪ್ಪಿಸಿಕೊಂಡು ಓಡಾಡುತ್ತಿದ್ದ ಜಾಗಗಳಿಗೆ ಹಂತಹಂತವಾಗಿ ಹೋಗುತ್ತಾರೆ. ನೆನಪು ಅಪಾಯವಲ್ಲ, ಅಪಾಯದ ನೆನಪು ಮಾತ್ರ ಎಂಬುದನ್ನು ಮೈ ಕಲಿಯಬೇಕು. ಅದೇ ಕುಟುಂಬಕ್ಕೆ ಸೇರಿದ ಪಟ್ರೀಷಿಯಾ ರೆಸಿಕ್‌ನ ವಿಧಾನ ಸಾಮಾನ್ಯವಾಗಿ ಹನ್ನೆರಡು ಭೇಟಿಗಳದ್ದು. ‘ತಪ್ಪೆಲ್ಲ ನನ್ನದೇ’ ಎಂಬಂಥ ಗಂಟುಬಿದ್ದ ನಂಬಿಕೆಗಳನ್ನು ಬರೆದು, ಪ್ರಶ್ನಿಸಿ, ಸಡಿಲಿಸುವುದು ಅದರ ಕೆಲಸ. ಇಎಂಡಿಆರ್‌ನಲ್ಲಿ ನೋವಿನ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದು, ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತಾರೆ. 1987ರಲ್ಲಿ ಉದ್ಯಾನದಲ್ಲಿ ನಡೆಯುವಾಗ ಫ್ರಾನ್ಸೀನ್ ಶಪಿರೋಗೆ ಹೊಳೆದ ವಿಚಾರ ಇದು. ಚಿಕಿತ್ಸೆ ಫಲ ಕೊಡುತ್ತದೆ ಎಂಬುದಕ್ಕೆ ಆಧಾರಗಳಿವೆ. ಕಣ್ಣಿನ ಚಲನೆಯೇ ಕಾರಣವೇ ಎಂಬ ಜಗಳ ನಿಂತಿಲ್ಲ. ಏಕಕಾಲಕ್ಕೆ ಎರಡು ಕೆಲಸ ಹೊತ್ತ ಮನಸ್ಸಿನಲ್ಲಿ ದೃಶ್ಯದ ಬಣ್ಣ ಮಾಸುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ.

ಸಮ್ಮೋಹನ ಈ ಪಟ್ಟಿಯ ತಲೆಯಲ್ಲಿಲ್ಲ, ಊರುಗೋಲಿನಂತೆ ಜೊತೆಗಿರುತ್ತದೆ. ಆಘಾತದ ಕಥನ ಶುರುವಾಗುವ ಮುಂಚೆ ಮನಸ್ಸಿಗೊಂದು ಸುರಕ್ಷಿತ ತಾಣವನ್ನು ಕಟ್ಟಿಕೊಡಲು, ನಿದ್ದೆ ಬರಿಸಲು, ದೃಶ್ಯವನ್ನು ಕಲ್ಪನೆಯ ಪರದೆಯ ಮೇಲಿಟ್ಟು ದೂರ ಸರಿಸಿ ನೋಡಲು ಅದು ಒದಗುತ್ತದೆ. ಆಘಾತಕ್ಕೊಳಗಾದ ಕೆಲವರು ತಮ್ಮಿಂದ ತಾವೇ ಬೇರ್ಪಟ್ಟಂತಾಗಿ ಶೂನ್ಯಕ್ಕೆ ಜಾರುತ್ತಾರೆ. ಅಂಥವರ ಕಣ್ಣು ಮುಚ್ಚಿಸಿ ಆಳಕ್ಕೆ ಇಳಿಸುವುದು ಅಪಾಯ. ನೆಲದ ಮೇಲೆ ಪಾದ ಊರಿ, ಕಣ್ಣು ತೆರೆದೇ ಕೆಲಸ ಮಾಡಬೇಕಾಗುತ್ತದೆ. ಭ್ರಮೆ, ಭ್ರಾಂತಿಗಳಿರುವ ತೀವ್ರ ಮನೋರೋಗದಲ್ಲಿ ಸಾಮಾನ್ಯವಾಗಿ ಸಮ್ಮೋಹನವನ್ನು ಬಳಸುವುದಿಲ್ಲ.

ಅಭ್ಯಾಸಕ್ಕೆ ಒಂದು ಪ್ರಶ್ನೆ. ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ಬಂದು, ‘ನನಗೆ ರಾತ್ರಿ ನಿದ್ದೆಯಿಲ್ಲ, ಕಾರಣವಿಲ್ಲದೆ ಬೆಚ್ಚುತ್ತೇನೆ. ಬಾಲ್ಯದಲ್ಲಿ ಏನೋ ನಡೆದಿರಬೇಕು. ಸಮ್ಮೋಹನ ಮಾಡಿ ಅದೇನೆಂದು ಕಂಡುಹಿಡಿಯಿರಿ’ ಎನ್ನುತ್ತಾರೆ. ಏನು ಮಾಡುತ್ತೀರಿ? ನಾನು ಹೀಗೆ ಬರೆಯುತ್ತೇನೆ: ಹುಡುಕಾಟಕ್ಕೆ ಸಮ್ಮೋಹನವನ್ನು ಬಳಸುವುದಿಲ್ಲ, ಏಕೆಂಬುದನ್ನು ಅವರಿಗೇ ಬಿಡಿಸಿ ಹೇಳುತ್ತೇನೆ. ಈಗಿರುವ ಲಕ್ಷಣಗಳು ಎಂದಿನಿಂದ, ಯಾವ ಸಂದರ್ಭದಲ್ಲಿ ಎಂದು ಕೇಳಿ, ಥೈರಾಯ್ಡ್‌ನಂಥ ದೈಹಿಕ ಕಾರಣ, ಖಿನ್ನತೆ, ಆತಂಕ ಎಲ್ಲವನ್ನೂ ಪರಿಶೀಲಿಸುತ್ತೇನೆ. ನಿದ್ದೆಗೆಂದು ಸಮ್ಮೋಹನವನ್ನು ಬಳಸಬಹುದು, ಅವರು ಒಪ್ಪಿದರೆ. ಆ ನಡುವೆ ಯಾವುದಾದರೂ ದೃಶ್ಯ ತಾನಾಗಿ ತೇಲಿಬಂದರೆ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತೇನೆ. ‘ನಿಜವಾಗಿ ನಡೆದದ್ದು’ ಎಂದೂ ‘ಕಲ್ಪನೆ’ ಎಂದೂ ಪಕ್ಕದಲ್ಲಿ ಗುರುತು ಹಾಕುವುದಿಲ್ಲ.