300ರ ಗನ್ನು 60ಕ್ಕೆ ಇಳಿಯುವ ಲೆಕ್ಕ

ಗೇಮ್‌ಗಳಲ್ಲಿ ಗನ್ನುಗಳ ಬ್ಯಾಲೆನ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಹೆಸರು ಕೇಳೋಕೆ ಚೆನ್ನಾಗಿದೆ. ದಿನವಿಡೀ ಮಾಡುವುದು ಎಕ್ಸೆಲ್ ಶೀಟ್ ತುಂಬಿಸುವ ಕೆಲಸ. ಆಡುವ ಹುಡುಗರು ಸಿಕ್ಕಾಗಲೆಲ್ಲ ದೂರು ಒಂದೇ: "ಡಿಪಿಎಸ್ ಜಾಸ್ತಿ ಇರೋ ಗನ್ನೇ ಇಟ್ಕೊಂಡಿದೀನಿ ಸಾರ್, ಆದ್ರೂ ಬಾಸ್ ಸಾಯ್ತಾನೇ ಇಲ್ಲ. ಗೇಮ್ ಮೋಸ ಮಾಡ್ತಿದೆಯಾ?"

ಡಿಪಿಎಸ್ ಅಂದರೆ ಡ್ಯಾಮೇಜ್ ಪರ್ ಸೆಕೆಂಡ್, ಗನ್ನು ಒಂದು ಸೆಕೆಂಡಿಗೆ ಮಾಡುವ ಹಾನಿ. ಬಾಸ್ ಅಂದರೆ ಗೇಮಿನ ದೊಡ್ಡ ಎದುರಾಳಿ. ಮೋಸವೇನಿಲ್ಲ. ಗನ್ನಿನ ಕಾರ್ಡಿನಲ್ಲಿ ಬರೆದಿರುವುದು ಸಿಟಿಸಿ, ಬಾಸ್‌ಗೆ ತಲುಪುವುದು ಕೈಗೆ ಬರುವ ಸಂಬಳ. ನಡುವಿನ ಕಡಿತ ಯಾವ ರೀತಿಯದು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ, ಮತ್ತು ಅದು ಗೇಮಿನಿಂದ ಗೇಮಿಗೆ ಬೇರೆ.

ಎರಡು ಗನ್ ಇಟ್ಟುಕೊಂಡು ನೋಡೋಣ. ಒಂದು ಸಬ್‌ಮಷೀನ್ ಗನ್: ಗುಂಡಿಗೆ 30 ಡ್ಯಾಮೇಜ್, ಸೆಕೆಂಡಿಗೆ 10 ಗುಂಡು, ಮ್ಯಾಗಜೀನಿನಲ್ಲಿ 30. ಇನ್ನೊಂದು ರೈಫಲ್: ಗುಂಡಿಗೆ 90, ಸೆಕೆಂಡಿಗೆ 2, ಮ್ಯಾಗಜೀನಿನಲ್ಲಿ 20. ಡ್ಯಾಮೇಜನ್ನು ವೇಗದಿಂದ ಗುಣಿಸಿದರೆ ಡಿಪಿಎಸ್: ಮೊದಲನೆಯದಕ್ಕೆ 300, ಎರಡನೆಯದಕ್ಕೆ 180. ಅಂಗಡಿಯಲ್ಲಿ ಯಾರೇ ಆದರೂ 300 ಇರುವುದನ್ನೇ ಎತ್ತಿಕೊಳ್ಳುತ್ತಾರೆ.

ಇದರಲ್ಲಿ ರೀಲೋಡ್ ಸೇರಿಲ್ಲ. ಎರಡಕ್ಕೂ 2 ಸೆಕೆಂಡ್ ಅಂದುಕೊಳ್ಳಿ. ಸಬ್‌ಮಷೀನ್ ಗನ್ 3 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ರೀಲೋಡ್ ಸೇರಿ 5. ಒಟ್ಟು ಡ್ಯಾಮೇಜ್ 900ನ್ನು 5ರಿಂದ ಭಾಗಿಸಿದರೆ 180. ರೈಫಲ್‌ಗೆ 12 ಸೆಕೆಂಡಿನಲ್ಲಿ 1800, ಅಂದರೆ 150. ಆಗಲೇ ಅಂತರ 120ರಿಂದ 30ಕ್ಕೆ ಬಂತು. (ಪಕ್ಕಾ ಲೆಕ್ಕ ಬೇಕೆನ್ನುವವರಿಗೆ: 30 ಗುಂಡಿನ ನಡುವೆ ಇರುವುದು 29 ಬಿಡುವು ಮಾತ್ರ. ಇಲ್ಲಿ ಅದು ಲೆಕ್ಕಕ್ಕಿಲ್ಲ. ಎರಡೇ ಗುಂಡಿನ ಡಬಲ್ ಬ್ಯಾರೆಲ್ ಶಾಟ್‌ಗನ್ನಿಗೆ ಬಂದರೆ ಇದೊಂದರಿಂದಲೇ ಇಡೀ ಸಾಲು ತಪ್ಪಾಗುತ್ತದೆ.)

ಇನ್ನು ಆರ್ಮರ್, ಅಂದರೆ ಎದುರಾಳಿಯ ರಕ್ಷಾಕವಚ. 2010ರ ಫಾಲ್‌ಔಟ್: ನ್ಯೂ ವೇಗಸ್ ಇದನ್ನು ಕಲಿಯಲು ಈಗಲೂ ನನಗೆ ಅಚ್ಚುಮೆಚ್ಚು. 1997ರ ಮೊದಲ ಫಾಲ್‌ಔಟ್‌ನಲ್ಲಿ ಕಳೆಯುವ ಆರ್ಮರ್ (ಗುಂಡಿನ ಡ್ಯಾಮೇಜಿನಿಂದ ಇಂತಿಷ್ಟು ಅಂತ ಕಳೆಯುವುದು), ಶೇಕಡಾವಾರು ಆರ್ಮರ್ (ಇಂತಿಷ್ಟು ಪಾಲು ಕಡಿಯುವುದು) ಎರಡೂ ಇದ್ದವು. 2008ರ ಫಾಲ್‌ಔಟ್ 3 ಶೇಕಡಾವಾರನ್ನಷ್ಟೇ ಉಳಿಸಿಕೊಂಡು ಶೇ. 85ಕ್ಕೆ ಮಿತಿ ಹಾಕಿತು. ನ್ಯೂ ವೇಗಸ್ ಮಾಡಿದ ಅಬ್ಸಿಡಿಯನ್‌ನವರು ಕಳೆಯುವ ಲೆಕ್ಕವನ್ನು ವಾಪಸ್ ತಂದರು. ಹೆಸರು ಡ್ಯಾಮೇಜ್ ಥ್ರೆಶೋಲ್ಡ್, ಆಟಗಾರರ ಬಾಯಲ್ಲಿ ಡಿಟಿ. ಪ್ರತಿ ಗುಂಡಿನಿಂದಲೂ ಡಿಟಿಯಷ್ಟು ಕಳೆಯುತ್ತದೆ. ಎಷ್ಟೇ ಕಳೆದರೂ ಗುಂಡಿನ ಡ್ಯಾಮೇಜಿನಲ್ಲಿ ಕನಿಷ್ಠ ಶೇ. 20 ಒಳಗೆ ಹೋಗಿಯೇ ಹೋಗುತ್ತದೆ.

ಆ ಗೇಮಿನ ಭಯಂಕರ ಮೃಗ ಡೆತ್‌ಕ್ಲಾಗೆ ಡಿಟಿ 15. ನಮ್ಮ ಸಬ್‌ಮಷೀನ್ ಗನ್ನಿನ 30 ಈಗ 15, ಡಿಪಿಎಸ್ 150. ರೈಫಲ್‌ನ 90 ಈಗ 75, ಅದರ ಡಿಪಿಎಸ್ಸೂ 150. ಸಮ! ರೀಲೋಡ್ ಸೇರಿಸಿದರೆ 90 ಮತ್ತು 125. ರೈಫಲ್ ಮುಂದೆ ಹೋಯಿತು. ಇನ್ನು ಟಿ-51ಬಿ ಪವರ್ ಆರ್ಮರ್ ತೊಟ್ಟವನ ಡಿಟಿ 25. 30ರಲ್ಲಿ 25 ಹೋದರೆ 5, ಆದರೆ ಶೇ. 20ರ ಲೆಕ್ಕಕ್ಕೆ 6. ಅಂಗಡಿಯ 300 ಇಲ್ಲಿ 60. ರೈಫಲ್ 65ರಂತೆ ಬಾರಿಸುತ್ತಾ 130ರಲ್ಲಿದೆ. ಶಾಟ್‌ಗನ್ನಿನ ಪಾಡು ಇನ್ನೂ ಕಷ್ಟ, ಏಕೆಂದರೆ ಕಡಿತ ಒಂದೊಂದು ಚರೆಗೂ ಬೇರೆ ಬೇರೆ. ತಲಾ 10ರಂತೆ ಏಳು ಚರೆ ಅಂದರೆ ಒಟ್ಟು 70. ಡಿಟಿ 15 ಇದ್ದವನಿಗೆ ತಲಾ 2, ಒಟ್ಟು 14. ಅದಕ್ಕೇ ಆ ಗೇಮಿನಲ್ಲಿ ಶಾಟ್‌ಗನ್ನಿಗೆಂದೇ 10 ಡಿಟಿ ಮನ್ನಾ ಮಾಡುವ ಶಾಟ್‌ಗನ್ ಸರ್ಜನ್ ಅನ್ನುವ ಪರ್ಕ್ (ಆಟಗಾರ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇಟ್ಟಿದ್ದಾರೆ.

ಈ ಗೇಮಿನ ಬಗ್ಗೆ ನನಗೆ ಮೆಚ್ಚುಗೆ ಯಾಕೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಕಾರ್ಡಿನಲ್ಲಿ ಡಿಪಿಎಸ್ ಬೇರೆ, ಗುಂಡಿಗೆಷ್ಟು ಡ್ಯಾಮೇಜ್ ಅನ್ನುವುದು ಬೇರೆ ತೋರಿಸುತ್ತದೆ. ನಿಮ್ಮ ಗುಂಡನ್ನು ಆರ್ಮರ್ ನುಂಗುತ್ತಿದ್ದರೆ ಎದುರಾಳಿಯ ಹೆಲ್ತ್ ಬಾರ್ ಪಕ್ಕ ಕೆಂಪು ಗುರಾಣಿ ಮೂಡುತ್ತದೆ. ಅದು ಕಂಡೂ ಟ್ರಿಗರ್ ಒತ್ತಿಕೊಂಡೇ ಇದ್ದರೆ ಗುಂಡು ದಂಡ.

2015ರ ಫಾಲ್‌ಔಟ್ 4ರಲ್ಲಿ ಸೂತ್ರ ಇಷ್ಟು ಸರಳವಲ್ಲ. ಡ್ಯಾಮೇಜನ್ನು 0.15ರಿಂದ ಗುಣಿಸಿ, ಆರ್ಮರ್‌ನಿಂದ ಭಾಗಿಸಿ, 0.365ರ ಘಾತಕ್ಕೆ ಏರಿಸಬೇಕು, ಬಂದ ಪಾಲು (ಹೆಚ್ಚೆಂದರೆ 0.99) ಒಳಗೆ ಹೋಗುತ್ತದೆ. ನೋಡಿದರೆ ತಲೆ ತಿರುಗುತ್ತದೆ, ಆದರೆ 0.15 ಸುಮ್ಮನೆ ಬಂದಿದ್ದಲ್ಲ: ಡ್ಯಾಮೇಜೂ ಆರ್ಮರೂ ಸಮನಾಗಿದ್ದಾಗ ಸರಿಯಾಗಿ ಅರ್ಧ ಒಳಗೆ ಹೋಗುವಂತೆ ಹೊಂದಿಸಿದ ಅಂಕಿ ಅದು. ಆರ್ಮರ್ 60 ಇದ್ದವನಿಗೆ ನಮ್ಮ 30ರ ಗುಂಡು ಸುಮಾರು 12, 90ರ ಗುಂಡು ಸುಮಾರು 52. ಮೂರು ಪಟ್ಟು ದೊಡ್ಡ ಗುಂಡು ನಾಲ್ಕೂವರೆ ಪಟ್ಟು ಕೆಲಸ ಮಾಡಿತು. ಗುಂಡಿನ ತೂಕ ಹೆಚ್ಚಿಸಿದರೆ ಬಡ್ಡಿ ಸಿಗುತ್ತದೆ, ವೇಗ ಹೆಚ್ಚಿಸಿದರೆ ಅಸಲಷ್ಟೇ.

ಬೋನಸ್‌ಗಳದ್ದು ಬೇರೆ ಕಥೆ. 100 ಡ್ಯಾಮೇಜಿನ ಗನ್ನಿಗೆ ಶೇ. 30ರ ಮೂರು ಪರ್ಕ್ ಹಾಕಿದರೆ ಎಷ್ಟು? ಮೂರೂ ಒಂದೇ ಬಕೆಟ್ಟಿಗೆ ಬಿದ್ದು ಮೊದಲು ಕೂಡಿಕೊಂಡರೆ 190. ಬೇರೆ ಬೇರೆ ಬಕೆಟ್ ಆಗಿ ಒಂದನ್ನೊಂದು ಗುಣಿಸಿದರೆ 219.7. ಪರ್ಕಿನ ವಿವರಣೆಯಲ್ಲಿ ಯಾವುದು ಯಾವ ಬಕೆಟ್ ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ, ನಮ್ಮವರ ಸೋಮಾರಿತನವೂ ಇದರಲ್ಲಿದೆ ಅನ್ನಿ. 2012ರ ಬಾರ್ಡರ್‌ಲ್ಯಾಂಡ್ಸ್ 2ರಲ್ಲಿ ಸ್ಲ್ಯಾಗ್ ಅನ್ನುವ ದ್ರವ ಮೆತ್ತಿದ ಎದುರಾಳಿಗೆ ಬೇರೆ ಗುಂಡಿನ ಡ್ಯಾಮೇಜ್ ಎರಡು ಪಟ್ಟು, ಕೊನೆಯ ಕಷ್ಟದ ಮೋಡ್‌ನಲ್ಲಿ ಮೂರು ಪಟ್ಟು. ನಿಮ್ಮ ಮುಖ್ಯ ಗನ್ನಿನ ಕಾರ್ಡಿನಲ್ಲಿ ಇದರ ಸುಳಿವೇ ಇಲ್ಲ. ಆ ಮೋಡ್‌ನಲ್ಲಿ ಸ್ಲ್ಯಾಗ್ ಇಲ್ಲದೆ ಹೋದವನು ಗನ್ನಿನ ಮೂರನೇ ಒಂದು ಭಾಗವನ್ನಷ್ಟೇ ಹಿಡಿದು ಹೋದ ಹಾಗೆ.

ಅನುಕ್ರಮವನ್ನೂ ಕೇಳಿ. ಹೆಡ್‌ಶಾಟ್ ಎರಡು ಪಟ್ಟು, ಕಳೆಯುವ ಆರ್ಮರ್ 25, ಶೇ. 20ರ ನಿಯಮ ಇಲ್ಲ ಅಂದಾಗ, ಮೊದಲು ಗುಣಿಸಿ ಆಮೇಲೆ ಕಳೆದರೆ 30ರ ಗುಂಡು 35. ಮೊದಲು ಕಳೆದು ಆಮೇಲೆ ಗುಣಿಸಿದರೆ 10.

ನಿಮ್ಮ ಗೇಮಿನ ಗುಟ್ಟು ತಿಳಿಯಬೇಕಾದರೆ ಎಲ್ಲ ಪರ್ಕ್ ಬಿಚ್ಚಿಡಿ. ಒಂದೇ ಜಾತಿಯ, ಆರ್ಮರ್ ಇಲ್ಲದ ಎದುರಾಳಿಯ ಎದೆಗೆ ಹತ್ತಿರದಿಂದ ಒಂದೇ ಗುಂಡು ಹೊಡೆದು ತೆರೆಯ ಮೇಲೆ ಬಂದ ಅಂಕಿ ಬರೆದುಕೊಳ್ಳಿ. ದೂರದಿಂದ ಹೊಡೆದರೆ ದೂರದ ಕಡಿತವೂ ಸೇರಿ ಗೋಜಲಾಗುತ್ತದೆ. ಶೇ. 30ರ ಒಂದು ಪರ್ಕ್ ಹಾಕಿ ಹೊಡೆಯಿರಿ, ಆಮೇಲೆ ಎರಡನೆಯದನ್ನೂ ಸೇರಿಸಿ. 100 ಇದ್ದದ್ದು 130 ಆಗಿ ಆಮೇಲೆ 160 ಆದರೆ ಎರಡೂ ಒಂದೇ ಬಕೆಟ್, ಮೂರನೆಯ ಪರ್ಕ್ ಪಾಯಿಂಟನ್ನು ಅಲ್ಲಿಗೇ ಸುರಿಯಬೇಡಿ. 169 ಬಂದರೆ ಎರಡನ್ನೂ ಬಿಟ್ಟುಕೊಡಬೇಡಿ.